ಎರಡು ಶ್ರಾವಣ ಬಂದ ವರ್ಷದ ಹಂದಿ ದರ

ನಾನು ನಿವೃತ್ತನಾದ ಮೇಲೆ ನನ್ನ ಕೆಲಸಕ್ಕೆ ಸೇರಿದ ಶ್ವೇತಾ ಫೋನ್ ಮಾಡಿದ್ದರು. "ಸಾರ್, ಹಂದಿ ರೇಟು ವರ್ಷದಲ್ಲಿ ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ, ಒಂದು ಪೇಜಲ್ಲಿ ಬರೆದು ಕಳಿಸ್ತೀರಾ? ಹೊಸದಾಗಿ ಬರೋರಿಗೆಲ್ಲ ಅನುಕೂಲ ಆಗುತ್ತೆ" ಎಂದರು. ಒಂದು ಪುಟ ಬರೆಯುವುದೇನು ಮಹಾ? ಬೆಳಗಿನ ಕಾಫಿ ಆರುವಷ್ಟರಲ್ಲಿ ಮುಗಿಸಿದೆ.

ಡಿಸೆಂಬರ್: ಕ್ರಿಸ್‌ಮಸ್, ದರ ಮೇಲೆ. ಫೆಬ್ರವರಿ, ಮಾರ್ಚ್: ಕ್ರೈಸ್ತರ ಉಪವಾಸದ ದಿನಗಳು, ಕೆಳಗೆ. ಯುಗಾದಿ ಮರುದಿನದ ಹೊಸತೊಡಕು, ಅದರ ಹಿಂದೆಮುಂದೆ ಈಸ್ಟರ್: ಮೇಲೆ. ಬೇಸಿಗೆ: ಬಿಸಿಲಿಗೆ ಹಂದಿ ಮೇವು ಮುಟ್ಟುವುದಿಲ್ಲ, ತೂಕ ಬರುವುದಿಲ್ಲ, ಮಾಲು ಕಡಿಮೆ. ಆಷಾಢ: ಮಾಲು ಜಾಸ್ತಿ. ಶ್ರಾವಣ: ದರ ನೆಲಕ್ಕೆ. ಪಿತೃಪಕ್ಷ: ಎದ್ದು ಕೂರುತ್ತದೆ. ಕಾರ್ತಿಕ: ಮತ್ತೆ ಮಲಗುತ್ತದೆ.

ಓದಿಕೊಂಡೆ. ಅಕ್ಷರ ಚೆನ್ನಾಗಿತ್ತು, ವಿಷಯವೂ ಚೆನ್ನಾಗಿತ್ತು. ಒಂದೇ ಒಂದು ತೊಂದರೆ ಎಂದರೆ ಮೂವತ್ತೊಂದು ವರ್ಷದ ಕೆಲಸದಲ್ಲಿ ಈ ಪುಟದ ಹಾಗೆ ನಡೆದುಕೊಂಡ ಒಂದು ವರ್ಷವನ್ನೂ ನಾನು ಕಂಡಿಲ್ಲ. ಪುಟವನ್ನು ಹರಿದು, ಅದರ ಬದಲು ಇದನ್ನು ಬರೆಯುತ್ತಿದ್ದೇನೆ. ಇದು ಒಂದು ಪುಟಕ್ಕಿಂತ ಉದ್ದವಾಗುತ್ತದೆ. ಶ್ವೇತಾ ಕ್ಷಮಿಸಬೇಕು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಕಡೆಯ ಹಂದಿ ಸಾಕುವವರದ್ದು ಒಂದು ಒಕ್ಕೂಟವಿದೆ. ಪ್ರತಿ ಶನಿವಾರ ಬೆಳಿಗ್ಗೆ ಆ ವಾರದ ಸಗಟು ದರ ಇಷ್ಟು ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಶುಕ್ರವಾರವಿಡೀ ಬೆಂಗಳೂರಿನ ವ್ಯಾಪಾರಿಗಳನ್ನೂ ನಮ್ಮ ಹಳ್ಳಿಗಳ ಸಾಕಣೆದಾರರನ್ನೂ ವಿಚಾರಿಸಬೇಕು. ವ್ಯಾಪಾರಿ ಕಡಿಮೆ ಹೇಳುತ್ತಾನೆ, ಸಾಕಿದವನು ಹೆಚ್ಚು ಹೇಳುತ್ತಾನೆ, ಇಬ್ಬರೂ ಅವರವರ ಮಕ್ಕಳ ಮೇಲೆ ಆಣೆ ಇಡುತ್ತಾರೆ. ನಡುವೆ ಎಲ್ಲೋ ಒಂದು ಅಂಕಿ ಇರುತ್ತದೆ. ಅದನ್ನು ಯಾರೂ ಪಾಲಿಸಬೇಕಿಲ್ಲ. ಆದರೆ ಎಲ್ಲರ ಚೌಕಾಸಿಯೂ ಅಲ್ಲಿಂದಲೇ ಶುರು. ಹಾಗಾಗಿ ಊರೂರಲ್ಲಿ ನನಗೆ ರೇಟ್ ಸಾರ್ ಎಂದೇ ಹೆಸರು. ಮದುವೆ ಮನೆಗಳಲ್ಲೂ ಹಾಗೇ ಪರಿಚಯ ಮಾಡಿಕೊಡುತ್ತಿದ್ದರು, ಬೀಗರ ಮುಖ ನೋಡಬೇಕಿತ್ತು.

ಸೇರಿದ ಮೊದಲ ತಿಂಗಳಲ್ಲೇ ದೊಡ್ಡ ತಪ್ಪು ಮಾಡಿದೆ. ಹಂದಿಗೆ ಎರಡು ದರ: ಜೀವಂತ ಹಂದಿಯ ತೂಕಕ್ಕೆ ಒಂದು, ಕುಯ್ದು ತೆಗೆದ ಮಾಂಸದ ತೂಕಕ್ಕೆ ಇನ್ನೊಂದು. ನೂರು ಕೆಜಿಯ ಹಂದಿ ಕುಯ್ದಾಗ ಎಪ್ಪತ್ತರ ಆಚೀಚೆ ನಿಲ್ಲುತ್ತದೆ, ಆದ್ದರಿಂದ ಮಾಂಸದ ದರ ಯಾವಾಗಲೂ ಎತ್ತರ. ಆಗ ಕಚೇರಿಯ ಮುಂದೆ ಕಪ್ಪು ಹಲಗೆ ಇತ್ತು. ನಾನು ಮಾಂಸದ ದರವನ್ನು ಜೀವಂತ ತೂಕದ ಸಾಲಿನಲ್ಲಿ ಬರೆದು ತಿಂಡಿಗೆ ಹೋದೆ. ವಾಪಸು ಬರುವಷ್ಟರಲ್ಲಿ ಅಂಬಾಜಿದುರ್ಗದ ಕಡೆಯಿಂದ ಎರಡು ಟೆಂಪೊ ತುಂಬ ಹಂದಿ ಬಂದು ನಿಂತಿದ್ದವು. ಒಬ್ಬ ಹಲಗೆಯನ್ನೇ ನೋಡುತ್ತ ನಿಂತಿದ್ದ.

"ಏನ್ ಸಾರ್, ಹಂದೀಗೇನಾದ್ರೂ ಚಿನ್ನದ ಹಲ್ಲು ಕಟ್ಟಿಸಿದ್ದೀರಾ?"

ಆಗ ಕಾರ್ಯದರ್ಶಿಯಾಗಿದ್ದವರು ಮುನಿವೆಂಕಟಪ್ಪನವರು. ಬೈಯುವವರಲ್ಲ. "ಬೋರ್ಡ್ ಪಕ್ಕ ನಿಂತ್ಕೊಳಪ್ಪ. ಬಂದೋರಿಗೆಲ್ಲ ನೀನೇ ಹೇಳು, ಯಾಕೆ ತಪ್ಪಾಯ್ತು ಅಂತ" ಎಂದರು. ಸಂಜೆಯವರೆಗೂ ನಿಂತೆ. ಇದನ್ನು ನಾನು ಹೇಳುವಾಗಲೆಲ್ಲ ಉರಿಬಿಸಿಲಲ್ಲಿ ನಿಂತಿದ್ದೆ ಎಂದೇ ಹೇಳುತ್ತೇನೆ, ನೆತ್ತಿ ಸುಟ್ಟದ್ದು ಈಗಲೂ ನೆನಪಿದೆ. ಮೊನ್ನೆ ಆ ಕಾಲದ ನೋಟ್‌ಬುಕ್ ತೆಗೆದು ನೋಡಿದರೆ ನನ್ನದೇ ಕೈಬರಹ: "ಮಳೆ. ಎಲ್ಲರೂ ಆಫೀಸಿನೊಳಗೆ. ಚಾಪೆ ಸಾಲಲಿಲ್ಲ." ಬಿಸಿಲನ್ನು ಯಾವಾಗಲೋ ನಾನೇ ಹಾಕಿಕೊಂಡಿದ್ದೇನೆ. ಶಿಕ್ಷೆಗೆ ಬಿಸಿಲು ಒಪ್ಪುತ್ತದೆ ಎನ್ನಿಸಿರಬೇಕು. ಮುಂದೆ ಬರೆಯುವುದನ್ನೂ ಓದುವವರು ಇದೇ ಎಚ್ಚರದಲ್ಲಿ ಓದುವುದು ಒಳ್ಳೆಯದು.

ಮುನಿವೆಂಕಟಪ್ಪನವರಿಂದ ನಾನು ಕಲಿತ ವಿದ್ಯೆ ಪಂಚಾಂಗ ನೋಡುವುದು. ಹೊಸ ಪಂಚಾಂಗ ಬಂದ ದಿನ ಅವರು ಪೆನ್ಸಿಲ್ ಹಿಡಿದು ಮದುವೆ ಮುಹೂರ್ತಗಳನ್ನು ಎಣಿಸುತ್ತ ಕೂರುತ್ತಿದ್ದರು. ಪುಸ್ತಕದಂಗಡಿಯವನು ಒಮ್ಮೆ ನನ್ನನ್ನು ಕೇಳಿದ್ದ: "ನಿಮ್ಮ ಆಫೀಸಲ್ಲಿ ಎಷ್ಟು ಜನಕ್ಕಪ್ಪ ಇನ್ನೂ ಮದುವೆ ಆಗ್ಬೇಕು?"

ಲೆಕ್ಕ ಸರಳ. ನಮ್ಮ ಕಡೆ ಹಂದಿ ಬೆಳೆಯುವುದು ದೇವನಹಳ್ಳಿ, ಯಲಹಂಕದ ಕಲ್ಯಾಣ ಮಂಟಪಗಳಲ್ಲಿ ಉಳಿದ ಊಟದಿಂದ. ಡ್ರಮ್ಮುಗಳಲ್ಲಿ ತಂದು, ಕುದಿಸಿ ಹಾಕುತ್ತಾರೆ. ಮುಹೂರ್ತ ಹೆಚ್ಚಿದ್ದರೆ ಡ್ರಮ್ಮು ತುಂಬುತ್ತದೆ, ಹಂದಿ ಬೇಗ ತೂಕಕ್ಕೆ ಬರುತ್ತದೆ. ಆಷಾಢದಲ್ಲಿ ಮದುವೆಯಿಲ್ಲ, ಡ್ರಮ್ಮು ಖಾಲಿ. ಕೊಂಡು ಹಾಕಲಾಗದವರು ಒಟ್ಟಿಗೆ ಮಾರಲು ಬರುತ್ತಾರೆ, ಅದಕ್ಕೇ ಆಷಾಢದಲ್ಲಿ ಮಾಲು ಜಾಸ್ತಿ. ತಿನ್ನುವವರಿದ್ದಾರೆ, ಆದರೆ ಮಾರುವವರು ಅವರಿಗಿಂತ ಹೆಚ್ಚು. "ಮದುವೆ ಎಷ್ಟೋ ಹಂದಿ ಅಷ್ಟು" ಎನ್ನುತ್ತಿದ್ದರು ಮುನಿವೆಂಕಟಪ್ಪನವರು. ಇನ್ನೊಂದು ಲೆಕ್ಕ ಮರಿಗಳದ್ದು. ಹೆಣ್ಣು ಹಂದಿ ಗಬ್ಬ ನಿಂತು ಈಯುವುದಕ್ಕೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಮರಿ ಮಾರಾಟದ ತೂಕಕ್ಕೆ ಬರಲು ಇನ್ನೊಂದು ಏಳು ತಿಂಗಳು. ಈ ಬೇಸಿಗೆಯ ಬಿಸಿಲಿಗೆ ಗಬ್ಬ ನಿಲ್ಲದಿದ್ದರೆ ಅದರ ಪೆಟ್ಟು ಮಾಂಸದಂಗಡಿಗೆ ತಲಪುವುದು ಮುಂದಿನ ಈಸ್ಟರ್ ಹೊತ್ತಿಗೆ. ಹೊಸಬರು ಸಾಮಾನ್ಯವಾಗಿ ಈ ವಾರದ ಬಿಸಿಲನ್ನು ನೋಡಿ ಈ ವಾರದ ದರ ಹೇಳುತ್ತಾರೆ. ನೀವು ಹೋದ ವರ್ಷದ ಬಿಸಿಲನ್ನು ನೋಡಿ.

ಪಂಚಾಂಗದಲ್ಲಿ ಸಿಗದ ಒಂದು ಲೆಕ್ಕ ಶಿಡ್ಲಘಟ್ಟದಲ್ಲಿತ್ತು. ರೇಷ್ಮೆ ಗೂಡನ್ನು ಬಿಸಿನೀರಲ್ಲಿ ಹಾಕಿ ನೂಲು ತೆಗೆದ ಮೇಲೆ ಒಳಗಿನ ಹುಳ ಉಳಿಯುತ್ತದೆ. ಅದಕ್ಕೆ ಪ್ಯೂಪಾ ಎನ್ನುತ್ತಾರೆ. ಮೀನಿಗೆ, ಕೋಳಿಗೆ ಒಳ್ಳೆಯ ಮೇವು. ಹಂದಿಗೆ ಹಾಕಿದರಂತೂ ಹಬ್ಬ, ಕಣ್ಣೆದುರೇ ಉಬ್ಬುತ್ತವೆ. ಗೂಡಿನ ಮಾರುಕಟ್ಟೆಗೆ ಮಾಲು ಹೆಚ್ಚು ಬಂದ ವಾರ ಪ್ಯೂಪಾ ಅಗ್ಗ, ಪ್ಯೂಪಾ ಅಗ್ಗವಾದರೆ ಎರಡು ತಿಂಗಳಲ್ಲಿ ಹಂದಿ ಅಗ್ಗ. ಈ ಸುದ್ದಿ ನನಗೆ ಕೊಡುತ್ತಿದ್ದವರು ನೂಲು ತೆಗೆಯುವ ಘಟಕ ಇಟ್ಟುಕೊಂಡಿದ್ದ ಅಮೀರ್ ಜಾನ್ ಸಾಹೇಬರು. ಇಪ್ಪತ್ತು ವರ್ಷದ ಸ್ನೇಹದಲ್ಲಿ ಆ ಪ್ರಾಣಿಯ ಹೆಸರನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನಾನೂ ಅವರೆದುರು ಎತ್ತಲಿಲ್ಲ.

"ಬನ್ನಿ ಬನ್ನಿ. ನಿಮ್ಮ ಪಾರ್ಟಿ ಹೆಂಗಿದಾರೆ?"

"ಚೆನ್ನಾಗಿದಾರೆ ಸಾಹೇಬ್ರೇ. ಹಸಿವು ಜಾಸ್ತಿ."

"ಈ ವಾರ ಗೂಡು ಭರ್ಜರಿ ಬಂದಿದೆ. ಮೀನಿನವರು ಯಾರಾದ್ರೂ ಇದ್ರೆ ಕಳಿಸಿ. ನಾನು ಮೀನಿಗೇ ಕೊಡೋದು, ಆಮೇಲೆ ಮೀನು ಯಾರಿಗೆ ಕೊಡ್ತೋ ನಂಗೊತ್ತಿಲ್ಲ."

ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ.

ಪ್ಯೂಪಾಕ್ಕೆ ಒಂದು ಕೆಟ್ಟ ಗುಣವಿದೆ. ತಿಂದ ಹಂದಿಯ ಕೊಬ್ಬಿಗೆ ಅದರ ವಾಸನೆ ಹಿಡಿಯುತ್ತದೆ. ಹಂದಿ ನೋಡಿದರೆ ತಿಳಿಯುವುದಿಲ್ಲ, ಹಸಿ ಮಾಂಸದಲ್ಲೂ ತಿಳಿಯುವುದಿಲ್ಲ, ಬಾಣಲೆಗೆ ಹಾಕಿದಾಗ ಮನೆಯೆಲ್ಲ ಒಣಮೀನು. ಚಿಂತಾಮಣಿ ಕಡೆಯ ಒಬ್ಬರ ಒಂದು ಲೋಡು ಹಾಗೆ ಬೆಂಗಳೂರಿನಿಂದ ವಾಪಸು ಬಂದಿತ್ತು. ನಮ್ಮ ದೊಡ್ಡ ಖರೀದಿದಾರ ಅಂತೋಣಿ ಆಗ ಫೋನಿನಲ್ಲಿ ಹೇಳಿದ್ದು: "ಸಾರ್, ನಾನು ಹಂದಿ ಕೇಳಿದ್ದು. ನೀವು ನಾಲ್ಕು ಕಾಲಿನ ಬೂತಾಯಿ ಮೀನು ಕಳಿಸಿದ್ದೀರಿ." ಅಂದಿನಿಂದ ಅಂತೋಣಿ ಲೋಡಿಗೆ ಮುಂಚೆ ಒಂದು ಹಂದಿ ಕುಯ್ಯಿಸಿ, ತುಂಡು ಕೊಬ್ಬನ್ನು ತಾನೇ ಹುರಿದು ಮೂಸಿ ನೋಡುವುದನ್ನು ಶುರುಮಾಡಿದ. ಪ್ಯೂಪಾ ನಿಲ್ಲಿಸಿ ಕೆಲವು ದಿನ ಬೇರೆ ಮೇವು ಹಾಕಿದರೆ ವಾಸನೆ ಹೋಗುತ್ತದೆ. ಎಷ್ಟು ದಿನ ಎನ್ನುವುದೇ ಮುಂದಿನ ಕಥೆ.

ನಡುವೆ ವಿಧಾನಗಳು ಬದಲಾದವು. ಹಲಗೆ ಹೋಗಿ ಫೋನು ಬಂತು, ಶನಿವಾರ ಬೆಳಿಗ್ಗೆ ಅರವತ್ತು ಜನಕ್ಕೆ ಅದೇ ಅಂಕಿಯನ್ನು ಅರವತ್ತು ಸಲ ಹೇಳಿ ಗಂಟಲು ಕಟ್ಟುತ್ತಿತ್ತು. ಆಮೇಲೆ ಎಸ್ಸೆಮ್ಮೆಸ್ಸು, ಆಮೇಲೆ ವಾಟ್ಸಾಪ್ ಗುಂಪು. ಗುಂಪು ಬಂದ ಮೇಲೆ ನನ್ನ ದರ ಐನೂರು ಗುಡ್ ಮಾರ್ನಿಂಗ್ ಹೂವುಗಳ ನಡುವೆ ಎಲ್ಲೋ ಇರುತ್ತಿತ್ತು. ಆದರೂ ಹುಡುಕಿ ಓದುತ್ತಿದ್ದರು. ಓದುತ್ತಿದ್ದರು ಎನ್ನುವುದೇ ಕೊನೆಗೆ ಕಷ್ಟಕ್ಕೆ ತಂದದ್ದು.

ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ ಅಧಿಕ ಮಾಸ ಬಂತು, ಅದೂ ಶ್ರಾವಣಕ್ಕೆ ಬಂತು. ಎರಡೂವರೆ ಮೂರು ವರ್ಷಕ್ಕೊಮ್ಮೆ ಯಾವುದಾದರೊಂದು ತಿಂಗಳು ಎರಡು ಸಲ ಬರುತ್ತದೆ. ಮೊದಲನೆಯದು ಅಧಿಕ, ಎರಡನೆಯದು ನಿಜ. ಶ್ರಾವಣವೇ ಎರಡಾಗುವುದು ಬಹಳ ಅಪರೂಪ. ನನ್ನ ಕೆಲಸದ ಅವಧಿಯಲ್ಲಿ ಹಿಂದೊಮ್ಮೆ ಬಂದಿತ್ತಂತೆ. ಆಗ ದರ ಏನಾಯಿತೆಂದು ನನಗೆ ನೆನಪಿಲ್ಲ, ಆ ವರ್ಷದ ನೋಟ್‌ಬುಕ್ಕನ್ನು ಗೆದ್ದಲು ತಿಂದಿದೆ.

ನಮ್ಮ ಜನ ಶ್ರಾವಣದಲ್ಲಿ ಮಾಂಸ ಬಿಡುತ್ತಾರೆ. ಎರಡು ಶ್ರಾವಣ ಎಂದರೆ ಎರಡು ತಿಂಗಳು ಮಾಂಸ ಬಿಡುತ್ತಾರೆ ಎಂದು ನಾನು ಲೆಕ್ಕ ಹಾಕಿದೆ. ಕ್ಯಾಲೆಂಡರಿನಲ್ಲಿ ಎರಡು ಕಡೆ ಶ್ರಾವಣ ಎಂದು ಅಚ್ಚಾಗಿತ್ತಲ್ಲ. ಆಷಾಢ ಶುರುವಾದ ಮೊದಲ ಶನಿವಾರ ಗುಂಪಿಗೆ ಬರೆದೆ. ಫೋನಿನಲ್ಲಿ ಈಗಲೂ ಇದೆ, ನೋಡಿಕೊಂಡೇ ಬರೆಯುತ್ತಿದ್ದೇನೆ: "ಎರಡು ಶ್ರಾವಣ ಇರುವುದರಿಂದ ಎರಡು ತಿಂಗಳು ಬೇಡಿಕೆ ಇರುವುದಿಲ್ಲ. ತೂಕಕ್ಕೆ ಬಂದ ಹಂದಿಗಳನ್ನು ಆಷಾಢದ ಅಮಾವಾಸ್ಯೆಯೊಳಗೆ ಮಾರಿಬಿಡುವುದು ಕ್ಷೇಮ."

ನನ್ನ ಬೀಳ್ಕೊಡುಗೆಯ ದಿನ ಅಧ್ಯಕ್ಷರು ಭಾಷಣದಲ್ಲಿ "ಎರಡು ಶ್ರಾವಣದ ಗುಟ್ಟನ್ನು ಮೊದಲು ಕಂಡವರು ನಮ್ಮ ರೇಟ್ ಸಾರ್" ಎಂದರು. ಚಪ್ಪಾಳೆ ಬಿತ್ತು. ನಾನು ಕೈಮುಗಿದೆ. ಆಮೇಲೆ ನಾನೂ ಒಂದೆರಡು ಕಡೆ ಹಾಗೇ ಹೇಳಿದ್ದುಂಟು, ಹೇಳುತ್ತ ಹೇಳುತ್ತ ನಂಬಿದ್ದೂ ಉಂಟು. ನಡೆದದ್ದು ಹಾಗಲ್ಲ.

ನನ್ನ ಸಂದೇಶ ನೋಡಿ ನಾಲ್ಕೂ ಕಡೆಯವರು ಮಾರಲು ನುಗ್ಗಿದರು. ವ್ಯಾಪಾರಿಗಳು ಕೂತಲ್ಲೇ ದರ ಇಳಿಸುತ್ತ ಹೋದರು. ಅಮಾವಾಸ್ಯೆ ಹತ್ತಿರ ಬರುವಷ್ಟರಲ್ಲಿ ಶೆಡ್ಡುಗಳು ಖಾಲಿ. ಮಾರದೆ ಉಳಿದವರು ನನಗೆ ತಿಳಿದಂತೆ ಒಬ್ಬರೇ, ಮಂಚೇನಹಳ್ಳಿ ಹತ್ತಿರದ ರತ್ನಮ್ಮ. ಐವತ್ತರ ಆಸುಪಾಸಿನ ಹೆಂಗಸು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಹಂದಿಯ ವ್ಯವಹಾರವೆಲ್ಲ ಆಕೆಯದೇ. ಶೆಡ್ಡಿನಲ್ಲಿ ನಲವತ್ತು ಹಂದಿ, ಎಲ್ಲ ಮಾರಾಟದ ತೂಕಕ್ಕೆ ಬಂದವು. ನಾನೇ ಫೋನ್ ಮಾಡಿದೆ.

"ರತ್ನಮ್ಮಾ, ನೀವೊಬ್ರೇ ಉಳ್ಕೊಂಡಿರೋದು. ಇನ್ನೂ ಯಾಕೆ ಇಟ್ಕೊಂಡಿದೀರ?"

"ಏಮಿ ಸಾರ್, ಈ ರೇಟಿಗೆ ಮಾರೋ ಬದ್ಲು ಮನೇಲಿ ಸಾಕ್ಕೊಂಡು ಹೆಸರಿಟ್ಟು ಕರೀತೀನಿ."

"ಎರಡು ಶ್ರಾವಣ ಇದೆಯಮ್ಮ."

"ಯಾರ ಮನೇಲಿ ಸಾರ್ ಎರಡು ಶ್ರಾವಣ ಮಾಡ್ತಾರೆ? ನೀವು ಯಾರನ್ನಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ವ್ಯಾಪಾರಿಗಳನ್ನು ಕೇಳಿದ್ದೆ, ಸಾಕಣೆದಾರರನ್ನು ಕೇಳಿದ್ದೆ, ಪಂಚಾಂಗವನ್ನು ಕೇಳಿದ್ದೆ. ತಿನ್ನುವವರನ್ನು ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ರತ್ನಮ್ಮ ಕೇಳಿದ್ದರು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬರುವ ಹೆಂಗಸರ ಸಾಲಿನಲ್ಲಿ ನಿಂತು ಒಬ್ಬೊಬ್ಬರನ್ನೂ ವಿಚಾರಿಸಿದ್ದರು: ನಿಮ್ಮನೇಲಿ ಯಾವ ಶ್ರಾವಣ? ಆಮೇಲೆ ಅಕ್ಕಪಕ್ಕದ ಎರಡು ಹಳ್ಳಿಯ ಡೈರಿಗಳಿಗೂ ಹೋಗಿದ್ದರು. ಯಲಹಂಕದ ಕಡೆ ಮುದ್ದೆ ಊಟದ ಹೋಟೆಲ್ ಇಟ್ಟಿರುವ ತಂಗಿಗೆ ಹೇಳಿ ಅಲ್ಲಿಯ ಗಿರಾಕಿಗಳನ್ನೂ ಕೇಳಿಸಿದ್ದರು.

"ಎಲ್ರೂ ಒಂದೇ ಮಾತು ಸಾರ್. ಮೊದಲನೇದು ಲೆಕ್ಕಕ್ಕಿಲ್ಲ, ಪೂಜೆ ಪುನಸ್ಕಾರ ಎಲ್ಲ ಎರಡನೇದಕ್ಕೆ. ಎರಡೂ ಮಾಡ್ತೀನಿ ಅಂದೋಳು ನಮ್ಮೂರ ಗಂಗಮ್ಮಜ್ಜಿ ಒಬ್ಬಳೇ. ಅವಳು ಹುಟ್ಟಿದಾಗಿಂದ ಶ್ರಾವಣಾನೇ ಮಾಡ್ತಾವಳೆ."

ಮೊದಲ ಶ್ರಾವಣದ ತಿಂಗಳು ಪೂರ್ತಿ ಜನ ತಿನ್ನುತ್ತಾರೆ. ಅದರ ಕೊನೆಯ ವಾರ, ಇನ್ನು ಒಂದು ತಿಂಗಳು ಬಾಯಿಗೆ ಬೀಳುವುದಿಲ್ಲವೆಂದು, ಇನ್ನೂ ಹೆಚ್ಚು ತಿನ್ನುತ್ತಾರೆ. ಆಗ ನಾಲ್ಕು ತಾಲೂಕಿನಲ್ಲಿ ಮಾರಲು ಹಂದಿ ಇರುವುದು ರತ್ನಮ್ಮನ ಬಳಿ ಮಾತ್ರ, ಏಕೆಂದರೆ ಉಳಿದದ್ದನ್ನೆಲ್ಲ ನಾನು ಮಾರಿಸಿಬಿಟ್ಟಿದ್ದೆ. ಇದು ಆಕೆಯ ಲೆಕ್ಕ. ತಡೆಯಾಗಿದ್ದುದು ಮೇವು. ಆಷಾಢದಲ್ಲೂ ಮದುವೆಯಿಲ್ಲ, ಅಧಿಕ ಮಾಸದಲ್ಲೂ ಮದುವೆಯಿಲ್ಲ, ಎರಡು ತಿಂಗಳು ಡ್ರಮ್ಮು ಖಾಲಿ. ನಲವತ್ತು ಹೊಟ್ಟೆಗೆ ಚೀಲದ ಮೇವು ಕೊಂಡು ಹಾಕಿದರೆ ಬರುವ ಲಾಭವನ್ನೆಲ್ಲ ಹಂದಿಗಳೇ ತಿಂದು ಮುಗಿಸುತ್ತಿದ್ದವು. ಅಗ್ಗಕ್ಕೆ ಸಿಗುತ್ತಿದ್ದದ್ದು ಪ್ಯೂಪಾ. ಅಮೀರ್ ಜಾನ್ ಸಾಹೇಬರ ಘಟಕದಿಂದ "ಮೀನಿಗೆ" ಎಂದು ಹೇಳಿ ರತ್ನಮ್ಮ ಆಗಲೇ ತರಿಸಿಕೊಳ್ಳುತ್ತಿದ್ದರು.

"ಸಾರ್, ಕೊನೇ ವಾರ ಅಂತೋಣಿ ಲಾರಿ ಬರ್ಲಿ. ಅದಕ್ಕೆ ಎಷ್ಟು ದಿನ ಮುಂಚೆ ಹುಳ ನಿಲ್ಲಿಸ್ಬೇಕು? ಚಿಂತಾಮಣಿ ಕೇಸು ನೀವೇ ನೋಡಿದ್ದಲ್ವಾ?"

"ಹದಿನೈದು ದಿನ ಸಾಕಮ್ಮ" ಎಂದೆ. ಯೋಚಿಸಲೂ ಇಲ್ಲ. ಮುನಿವೆಂಕಟಪ್ಪನವರು ಕನ್ನಡಕ ಒರೆಸುತ್ತ "ಹದಿನೈದು ದಿನ" ಎನ್ನುವುದು ಕಣ್ಣಿಗೆ ಕಟ್ಟಿದ ಹಾಗಿತ್ತು.

ರತ್ನಮ್ಮ ಲೆಕ್ಕ ಹಾಕಿ ಸರಿಯಾಗಿ ಹದಿನೈದು ದಿನ ಮುಂಚೆ ಪ್ಯೂಪಾ ನಿಲ್ಲಿಸಿದರು. ಅದಾಗಿ ಐದಾರು ದಿನಕ್ಕೆ ಯಾಕೋ ಅನುಮಾನ ಬಂದು ನಾನು ಹಳೆಯ ನೋಟ್‌ಬುಕ್ ತೆಗೆದೆ. ಚಿಂತಾಮಣಿ ಲೋಡು ವಾಪಸಾದ ದಿನದ ಪುಟ. ನನ್ನ ಕೈಬರಹ: "ಹದಿನೈದು ದಿನ ಸಾಲದು ಅಂದರು. ಮೂರು ವಾರ?"

ನನ್ನ ನೆನಪು ಅಂಕಿಯನ್ನು ಇಟ್ಟುಕೊಂಡು "ಸಾಲದು" ಎಂಬುದನ್ನು ಬಿಟ್ಟುಬಿಟ್ಟಿತ್ತು. ಕನ್ನಡಕ ಒರೆಸಿದ್ದನ್ನು ಜೋಪಾನವಾಗಿ ಇಟ್ಟುಕೊಂಡಿತ್ತು.

ಮುಂದಕ್ಕೆ ಹಾಕುವಂತಿರಲಿಲ್ಲ. ಲಾರಿ ಒಂದು ವಾರ ತಡವಾದರೆ ನಿಜ ಶ್ರಾವಣ ಶುರು, ಆಮೇಲೆ ಒಂದು ತಿಂಗಳು ಕೊಳ್ಳುವವರಿಲ್ಲ. ಅಷ್ಟರಲ್ಲಿ ನಲವತ್ತೂ ಬರೀ ಕೊಬ್ಬಾಗಿ, ಕೇಳುವವರಿಲ್ಲದೆ ಕೂರುತ್ತವೆ. ಈಗ ಲಾರಿ ಬಂದು ವಾಸನೆ ಇದ್ದರೆ ಅಂತೋಣಿ ಒಂದನ್ನೂ ಮುಟ್ಟುವುದಿಲ್ಲ, ಮುಂದೆಯೂ ಆ ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ. ಬಸ್ಸು ಹತ್ತಿ ಮಂಚೇನಹಳ್ಳಿಗೆ ಹೋಗಿ ಎದುರು ನಿಂತು ಹೇಳಿದೆ. ರತ್ನಮ್ಮ ಕೈಯಲ್ಲಿದ್ದ ಎಲೆಕೋಸನ್ನು ಹಂದಿಗೆ ಹಾಕದೆ ಹಾಗೇ ಹಿಡಿದುಕೊಂಡರು.

"ಸಾರ್, ಈ ವರ್ಷ ನೀವು ಹೇಳಿದ್ದಕ್ಕೆಲ್ಲ ಉಲ್ಟಾ ಮಾಡಿ ಬಚಾವಾದೆ. ಒಂದೇ ಒಂದು ಮಾತು ಕೇಳಿದೆ ನೋಡಿ, ಅದ್ರಲ್ಲೇ ಹಿಂಗಾ?"

"ತಪ್ಪಾಯ್ತಮ್ಮ."

"ತಪ್ಪಾಯ್ತು ಅಂದ್ರೆ ವಾಸನೆ ಹೋಗುತ್ತಾ?" ಎಂದು ಎಲೆಕೋಸು ಎಸೆದರು. ಹಂದಿಗೆ ಎಸೆದರೋ ನನ್ನ ಕಡೆಗೋ ಆಗ ಖಚಿತವಾಗಲಿಲ್ಲ. ಹಂದಿ ಹಿಡಿಯಿತು.

ಉಳಿದ ದಿನಗಳಲ್ಲಿ ಮಾಡಬಹುದಾದದ್ದನ್ನೆಲ್ಲ ಮಾಡಿದರು. ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ಬಿಸಾಡುವ ಎಲೆಕೋಸು, ಕ್ಯಾರೆಟ್ಟನ್ನು ನಾನೇ ದಿನಾ ಟೆಂಪೊಗೆ ಹಾಕಿಸಿ ಕಳಿಸಿದೆ. ಜೋಳದ ನುಚ್ಚು ಕೊಂಡರು. ಶೆಡ್ಡನ್ನು ದಿನಕ್ಕೆ ಮೂರು ಸಲ ತೊಳೆದರು. ಅದರಿಂದ ಕೊಬ್ಬಿನ ವಾಸನೆ ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಗೊತ್ತುಮಾಡಿದ ದಿನ ಬೆಳಿಗ್ಗೆ ಅಂತೋಣಿ ಕಾರಿನಲ್ಲಿ ಬಂದ. ಡಿಕ್ಕಿಯಲ್ಲಿ ಸಣ್ಣ ಗ್ಯಾಸ್ ಒಲೆ, ಬಾಣಲೆ. ಲಾರಿ ಹಿಂದೆ ಇತ್ತು. ಒಂದು ಹಂದಿಯನ್ನು ಊರಿನ ಕಟುಕನಿಂದಲೇ ಕುಯ್ಯಿಸಿದೆವು. ಅಂತೋಣಿ ಬೆನ್ನಿನ ಕೊಬ್ಬಿನ ತುಂಡು ಬಾಣಲೆಗೆ ಹಾಕಿದ. ಚುರ್ರ್ ಎಂದಿತು. ಬಗ್ಗಿ ಮೂಸಿದ. ಮತ್ತೆ ಮೂಸಿದ. ಆಮೇಲೆ ಕರ್ಚೀಫು ತೆಗೆದು ಸಶಬ್ದವಾಗಿ ಮೂಗು ಸೀಟಿದ.

"ಸಾರ್, ಎರಡು ದಿನದಿಂದ ನೆಗಡಿ. ನಂಗೇನೂ ಗೊತ್ತಾಗ್ತಿಲ್ಲ."

ರತ್ನಮ್ಮ ಮೂಸಿ "ಏನೂ ಇಲ್ಲ" ಎಂದರು. ಆಕೆ ಒಂದು ತಿಂಗಳು ಪ್ಯೂಪಾ ಬೆರೆಸಿದವರು, ಆ ಮೂಗಿಗೆ ಅದು ಹೇಗೆ ತಿಳಿಯಬೇಕು? ಕಟುಕನ ಮೂಗಿಗೆ ಎಲ್ಲವೂ ಒಂದೇ. ನನ್ನ ಮೂಗನ್ನು, ರತ್ನಮ್ಮನಿಂದ ಎಲ್ಲ ಕೇಳಿ ತಿಳಿದಿದ್ದ ಅಂತೋಣಿಯೇ ಒಪ್ಪಲಿಲ್ಲ. "ನೀವು ಹೇಳಿದ ಹದಿನೈದು ದಿನ ಅಲ್ವಾ ಸಾರ್? ನಿಮ್ಮ ಮೂಗು ನಿಮ್ಮ ಪರ ಸಾಕ್ಷಿ ಹೇಳುತ್ತೆ." ವಾಸನೆ ಕಂಡುಹಿಡಿಯುವವರು ಬೇಕು, ವ್ಯವಹಾರದಲ್ಲಿ ಪಾಲಿಲ್ಲದವರು ಬೇಕು. ಆಗ ನನಗೆ ಹೊಳೆದದ್ದು ನನ್ನ ಹೆಂಡತಿ ಸರೋಜ. ಅವಳು ಮಾಂಸ ಮುಟ್ಟುವುದಿಲ್ಲ. ನಾನು ಹೊರಗೆ ತಿಂದು ಬಂದ ದಿನ ಕುರಿಯೋ ಕೋಳಿಯೋ ಹಂದಿಯೋ ಎಂದು ಬಾಗಿಲಲ್ಲೇ ಹೇಳುತ್ತಾಳೆ. ಒಮ್ಮೆಯೂ ತಪ್ಪಿಲ್ಲ.

ತುಂಡನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು, ಅಂತೋಣಿಯ ಕಾರಿನಲ್ಲೇ ಚಿಕ್ಕಬಳ್ಳಾಪುರಕ್ಕೆ ಬಂದೆವು. ರತ್ನಮ್ಮ ಲಾರಿಯ ಜತೆ ಅಲ್ಲೇ ಉಳಿದರು, ಡ್ರೈವರು ವಾಪಸು ಹೋಗದಂತೆ ಕಾಯಲು. ಸರೋಜ ಜಗಲಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನಾನು ಗೇಟಿನ ಬಳಿ ಡಬ್ಬಿ ತೆರೆದೆ.

"ಸರೋಜಾ, ಒಂದು ನಿಮಿಷ ಬಾ. ಇದನ್ನ ಮೂಸಿ ನೋಡು."

"ಅಲ್ಲೇ ನಿಂತ್ಕೊಳಿ. ಹಂದಿ ವಾಸನೆ ಇಲ್ಲೀವರೆಗೂ ಬರ್ತಿದೆ."

ಅಂತೋಣಿ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದ. "ಮೇಡಂ, ಹಂದಿ ವಾಸನೆ ಮಾತ್ರಾನಾ? ಮೀನು ಗೀನು?"

"ಯಾಕೆ, ಹಂದಿ ಸಾಲ್ದು ಅಂತ ಮೀನೂ ತಂದಿದೀರಾ?"

"ಇಲ್ಲ ಮೇಡಂ. ಹತ್ರ ಬಂದು ಮೂಸಿ ಹೇಳಿ ಪ್ಲೀಸ್. ನಲವತ್ತು ಹಂದಿ ವಿಷಯ."

ಅವಳು ಹುರುಳಿಕಾಯಿ ಬದಿಗಿಟ್ಟು ಎದ್ದಳು. ನಮ್ಮಿಬ್ಬರ ಮುಖ ನೋಡಿದಳು. ಸೆರಗನ್ನು ಮೂಗಿನಿಂದ ತೆಗೆದು, ಒಮ್ಮೆ ಬಗ್ಗಿ, ಉಸಿರೆಳೆದು, ಹಿಂದೆ ಸರಿದಳು.

"ಹಂದಿ. ಉಪ್ಪು ಹಾಕಿಲ್ಲ. ಒಂದು ಕಡೆ ಸೀದಿದೆ. ಇನ್ನೇನಿಲ್ಲ."

ಅಂತೋಣಿ ಅಲ್ಲೇ ರತ್ನಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಮೇಡಂ ಪಾಸ್ ಮಾಡಿದ್ರು ಅಕ್ಕ. ಸ್ವಲ್ಪ ಸೀದಿದೆ ಅಂದ್ರು."

"ಸೀಯಿಸಿದ್ದು ನೀನಪ್ಪ, ನನ್ ಹಂದಿ ಅಲ್ಲ. ಲಾರಿಗೆ ಹತ್ತಿಸ್ಲಾ?"

ಮೂವತ್ತೊಂಬತ್ತು ಹಂದಿ ಹತ್ತಿದವು. ಆಷಾಢದಲ್ಲಿ ನಾನು ಮಾರಿ ಎಂದಾಗ ಉಳಿದವರಿಗೆ ಸಿಕ್ಕಿದ್ದಕ್ಕಿಂತ ಬಹಳ ಮೇಲಿನ ದರಕ್ಕೆ ಹತ್ತಿದವು. ಬೆಂಗಳೂರಿನಿಂದ ದೂರು ಬರಲಿಲ್ಲ. ಹಾಗಾದರೆ ಹದಿನೈದು ದಿನ ಸಾಕು ಎಂದು ಎಲ್ಲಿಯೂ ಬರೆದುಕೊಳ್ಳಬೇಡಿ. ಎಲೆಕೋಸಿನಿಂದ ಹೋಯಿತೋ, ಪ್ಯೂಪಾ ಹಾಕಿದ ದಿನಗಳೇ ಕಡಿಮೆಯಿದ್ದವೋ, ಮುನಿವೆಂಕಟಪ್ಪನವರು ನಿಜವಾಗಿ ಏನೆಂದಿದ್ದರೋ, ನನಗೆ ಗೊತ್ತಿಲ್ಲ. ಆ ತುಂಡಿನಲ್ಲಿ ಸರೋಜಳಿಗೆ ವಾಸನೆ ಬರಲಿಲ್ಲ. ನಾನು ಸಾಕ್ಷಿ ಹೇಳಬಹುದಾದದ್ದು ಅಷ್ಟಕ್ಕೆ.

ನಿಜ ಶ್ರಾವಣದ ಮೊದಲ ಶನಿವಾರ ದರದ ಕೆಳಗೆ ಇನ್ನೊಂದು ಸಾಲು ಬರೆದೆ: "ಎರಡು ಶ್ರಾವಣದ ಬಗ್ಗೆ ನಾನು ಕೊಟ್ಟ ಸಲಹೆ ತಪ್ಪು. ಸರಿಯಾಗಿ ಹೇಳಿದವರು ಮಂಚೇನಹಳ್ಳಿ ಕಡೆಯ ರತ್ನಮ್ಮ." ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳು ನಿಂತುಹೋದವು. "ಶೆಡ್ಡು ಖಾಲಿ ಆದ್ಮೇಲೆ ಹೇಳ್ತೀರಲ್ಲ ಸಾರ್, ನಿಮಗೆ ಒಳ್ಳೇದಾಗ್ಲಿ" ಎಂದು ಗೌರಿಬಿದನೂರಿನವರೊಬ್ಬರು ಬರೆದರು. ಉಳಿದವರು ಬರೆದದ್ದನ್ನು ಇಲ್ಲಿ ಬರೆಯಲಾರೆ. ಸಂಜೆಯ ಹೊತ್ತಿಗೆ ಬೈಗುಳ ಮುಗಿದು ಎಲ್ಲರೂ ಒಂದನ್ನೇ ಕೇಳುತ್ತಿದ್ದರು: ರತ್ನಮ್ಮನ ನಂಬರು. ಹೀಗಿರುವಾಗ ಅಧ್ಯಕ್ಷರಿಗೆ ಆ ಭಾಷಣ ಎಲ್ಲಿಂದ ಸಿಕ್ಕಿತೋ. ನಾನು ಯಾಕೆ ಕೈಮುಗಿದೆನೋ.

ಹೊಸದಾಗಿ ಬರುವವರಿಗೆ ನನ್ನ ಸಲಹೆ ಇಷ್ಟೇ. ಪಂಚಾಂಗ ನೋಡಿ, ಬಿಸಿಲು ನೋಡಿ, ಗೂಡಿನ ಮಾರುಕಟ್ಟೆ ನೋಡಿ. ಎಲ್ಲ ನೋಡಿ ಬರೆದ ಮೇಲೆ, ಕಳಿಸುವ ಮುಂಚೆ, ತಿನ್ನುವ ಮನೆಯ ಅಡುಗೆಮನೆಯಲ್ಲಿ ಒಬ್ಬರನ್ನು ಕೇಳಿ. ಪಿತೃಪಕ್ಷದ ಹಿಂದಿನ ಶುಕ್ರವಾರ ಈ ಪಾಠದಂತೆ ನಾನೂ ನಡೆದುಕೊಂಡೆ. ಅಂಕಿ ಬರೆದಿಟ್ಟುಕೊಂಡು, ಸರಿಯಿದೆಯೇ ಎಂದು ಕೇಳಲು ರತ್ನಮ್ಮನಿಗೆ ಫೋನ್ ಮಾಡಿದೆ.

"ಹೇಳಿ ಸಾರ್. ಅಯ್ಯೋ, ಒಂದ್ನಿಮಿಷ ಲೈನಲ್ಲೇ ಇರಿ. ಇನ್ನೊಂದು ಫೋನಲ್ಲಿ ಅಂಬಾಜಿದುರ್ಗದೋರು ರೇಟು ಕೇಳ್ತಾವ್ರೆ, ಹೇಳ್ಬಿಟ್ಟು ಬರ್ತೀನಿ."

ಆ ಕಡೆ ಹಂದಿಗಳ ಗಲಾಟೆ ಕೇಳುತ್ತಿತ್ತು. ನಾನು ಬರೆದಿದ್ದ ಅಂಕಿಯನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಕಾಯುತ್ತ ಕೂತೆ.